ಪರೇಲ್‌ನ ಟಾಟಾ ಆಸ್ಪತ್ರೆ: ರೋಗನಿರ್ಣಯಕ್ಕೆ ಯಾಕೆ ಹೋಗಬೇಕು, ಫಾಲೋ-ಅಪ್‌ಗೆ ಎಷ್ಟು ಸಲ ಹೋಗಬೇಕು

ಕಲಬುರಗಿ, ವಿಜಯಪುರ, ಬೆಳಗಾವಿ, ಕಾರವಾರದ ಕಡೆ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಮುಂಬೈಯಲ್ಲಿರುವ ನೆಂಟರಿಗೆ ಫೋನ್ ಬರುತ್ತದೆ. ಮಾಟುಂಗದಲ್ಲಿರಲಿ, ಡೊಂಬಿವಲಿಯಲ್ಲಿರಲಿ, ಮೀರಾ ರೋಡಿನಲ್ಲಿರಲಿ, ನಮ್ಮವರು ಕೊಡುವ ಉತ್ತರ ಒಂದೇ: ‘ಟಾಟಾಕ್ಕೆ ಕರೆದುಕೊಂಡು ಬನ್ನಿ.’ ಸಲಹೆ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿರುತ್ತದೆ. ಏನೇನು ಹಿಡಿದು ಬರಬೇಕು, ಅಲ್ಲಿ ಯಾವ ಕೆಲಸ ಚೆನ್ನಾಗಿ ಆಗುತ್ತದೆ, ಚಿಕಿತ್ಸೆ ಮುಗಿದ ಮೇಲೆ ಎಷ್ಟು ವರ್ಷ, ಎಷ್ಟು ಸಲ, ಯಾವ ಪರೀಕ್ಷೆಗೆ ಬರಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಆಪರೇಷನ್, ಕೀಮೋ, ರೇಡಿಯೇಷನ್ ಹೇಗೆ ಮಾಡುತ್ತಾರೆ ಎಂಬ ವಿಷಯ ಇಲ್ಲಿಲ್ಲ. ಅದಕ್ಕೆ ಮುಂಚಿನ ರೋಗನಿರ್ಣಯ, ಅದರ ನಂತರದ ಫಾಲೋ-ಅಪ್, ಇವೆರಡೇ ಈ ವಿಮರ್ಶೆಯ ವಸ್ತು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ರೋಗನಿರ್ಣಯಕ್ಕೂ ಚಿಕಿತ್ಸೆಯ ಯೋಜನೆಗೂ ದೂರ ಲೆಕ್ಕಿಸದೆ ಇಲ್ಲಿಗೆ ಬರಬಹುದು. ಬಂದ ಖರ್ಚಿಗೆ ಮೋಸವಿಲ್ಲ. ಫಾಲೋ-ಅಪ್‌ಗೆ ಮಾತ್ರ ಪ್ರತಿ ಸಲವೂ ರಾತ್ರಿಯಿಡೀ ರೈಲಿನಲ್ಲಿ ಕೂತು ಬರಬೇಕಾದ ಅಗತ್ಯ ಬಹಳ ರೋಗಿಗಳಿಗೆ ಇಲ್ಲ. ಅದರ ಒಂದು ಪಾಲನ್ನು ಊರಿನಲ್ಲೇ ಸರಿಯಾಗಿ ಮಾಡಿಸಿಕೊಳ್ಳಬಹುದು, ಕಾಗದಪತ್ರ ಸರಿಯಾಗಿದ್ದರೆ.

ಹೆಸರು ನೋಡಿ ಖಾಸಗಿ ಆಸ್ಪತ್ರೆ ಅಂದುಕೊಳ್ಳುವವರು ಇನ್ನೂ ಇದ್ದಾರೆ. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1941ರ ಫೆಬ್ರವರಿ 28ರಂದು ಇದನ್ನು ತೆರೆಯಿತು. 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಕೈಗೆ ಬಂತು, 1962ರಿಂದ ಅಣುಶಕ್ತಿ ಇಲಾಖೆಯ ಅಡಿಯಲ್ಲಿದೆ. ನೋಂದಣಿಯಲ್ಲಿ ಜನರಲ್, ಪ್ರೈವೇಟ್ ಎಂಬ ಎರಡು ದಾರಿಗಳಿವೆ. ವ್ಯತ್ಯಾಸ ಇರುವುದು ಶುಲ್ಕದಲ್ಲಿ, ಕಾಯುವ ಹೊತ್ತಿನಲ್ಲಿ, ವಾರ್ಡಿನಲ್ಲಿ. ರೋಗವನ್ನು ನೋಡುವ ತಂಡ ಒಂದೇ. ಮೊದಲ ದಿನದ ಜನಜಂಗುಳಿಗೆ ಹೆದರಿ ಪ್ರೈವೇಟ್ ಆರಿಸಿಕೊಳ್ಳುವವರು ಒಂದು ಲೆಕ್ಕ ಮಾಡಬೇಕು: ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ಫಾಲೋ-ಅಪ್ ವರ್ಷಗಟ್ಟಲೆ. ಮೊದಲ ವಾರ ಉಳಿಸಿದ ಎರಡು ಗಂಟೆಗೆ ಆಮೇಲೆ ಹೊಲ ಮಾರುವ ಹಾಗೆ ಆಗಬಾರದು. ಹಣ ಕಟ್ಟುವುದು ಸ್ಮಾರ್ಟ್ ಕಾರ್ಡಿನ ಮೂಲಕ. ಮುಂಗಡ ತುಂಬಿಸಿಟ್ಟರೆ ಪ್ರತಿ ಕೌಂಟರಿನಲ್ಲೂ ಅದರಿಂದಲೇ ಕಡಿತವಾಗುತ್ತದೆ.

ಬ್ಲಾಕ್, ಸ್ಲೈಡ್ ಮತ್ತು ಎರಡನೇ ಕಣ್ಣು

ಈ ಆಸ್ಪತ್ರೆಯ ಅತಿ ದೊಡ್ಡ ಬಲ ಯಾವುದು ಅಂದರೆ ನಾವು ತೋರಿಸುವುದು ಆಪರೇಷನ್ ಥಿಯೇಟರನ್ನಲ್ಲ, ಪೆಥಾಲಜಿ ವಿಭಾಗವನ್ನು. ಹೊರಗೆ ಬಯಾಪ್ಸಿ ಮಾಡಿಸಿಕೊಂಡು ಬಂದವರ ವರದಿಯನ್ನು ಹಾಗೇ ನಂಬಿ ಮುಂದುವರಿಯುವ ಪದ್ಧತಿ ಇಲ್ಲಿಲ್ಲ. ಸ್ಲೈಡ್ ಮತ್ತು ಬ್ಲಾಕ್ ತರಿಸಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಹಲವರಿಗೆ ಇದು ‘ಸುಮ್ಮನೆ ಒಂದು ವಾರ ತಡ’ ಅನ್ನಿಸುತ್ತದೆ. ಆ ತಡಕ್ಕೆ ಬೆಲೆಯಿದೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಯಾವ ಜಾತಿಯದು, ಎಷ್ಟು ಆಳಕ್ಕೆ ಇಳಿದಿದೆ, ಅಂಚಿನಿಂದ ಎಷ್ಟು ಮಿಲಿಮೀಟರ್ ದೂರ ಇದೆ ಎಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿರುತ್ತದೆ. ಬಾಯಿಯ ಕ್ಯಾನ್ಸರಿನಲ್ಲಿ ಗಡ್ಡೆ 5 ಮಿ.ಮೀ.ಗಿಂತ ಆಳಕ್ಕೆ ಇಳಿದಿದ್ದರೆ ಹಂತವೇ ಬದಲಾಗುತ್ತದೆ. ಕತ್ತಿನ ಗ್ರಂಥಿಯ ಹೊದಿಕೆಯನ್ನು ಒಡೆದು ಹೊರಬಂದಿದ್ದರೆ ಬರೀ ರೇಡಿಯೇಷನ್ ಸಾಲದು, ಜೊತೆಗೆ ಕೀಮೋ ಸೇರಿಸುವ ಮಾತು ಬರುತ್ತದೆ. ಈ ಎರಡು ಸಾಲು ಬರೆಯದ ವರದಿ ಎಷ್ಟು ಅಂದವಾಗಿ ಪ್ರಿಂಟ್ ಆಗಿದ್ದರೂ ಅಪೂರ್ಣ.

ಹಾಗಾದರೆ ಏನು ತರಬೇಕು? ದೇಹದಿಂದ ತೆಗೆದ ತುಂಡನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ ಮಾಡಿದ ಚೌಕಾಕಾರದ ಸಣ್ಣ ತುಂಡೇ ಬ್ಲಾಕ್. ಅದರಿಂದ 3–4 ಮೈಕ್ರಾನ್ ದಪ್ಪದ ಪದರ ಕತ್ತರಿಸಿ ಗಾಜಿನ ಮೇಲೆ ಬಣ್ಣ ಹಾಕಿದರೆ ಅದು ಸ್ಲೈಡ್. ಬರೀ ಸ್ಲೈಡ್ ತಂದರೆ ಮತ್ತೊಮ್ಮೆ ನೋಡಬಹುದು, ಹೊಸ ಪರೀಕ್ಷೆ ಮಾಡಲಾಗದು. ಜೀವಕೋಶದ ಪ್ರೋಟೀನ್ ಗುರುತಿಸುವ ಇಮ್ಯುನೊ ಪರೀಕ್ಷೆಗೂ ಜೀನ್ ಪರೀಕ್ಷೆಗೂ ಬ್ಲಾಕ್ ಬೇಕೇ ಬೇಕು. ಊರಿನ ಲ್ಯಾಬಿನಲ್ಲಿ ‘ಬ್ಲಾಕ್ ಕೊಡುವುದಿಲ್ಲ, ವರದಿ ಸಾಕು’ ಅಂದರೆ ಸುಮ್ಮನಾಗಬೇಡಿ. ಲಿಖಿತ ಅರ್ಜಿ ಕೊಟ್ಟು, ಸಹಿ ಹಾಕಿ ಪಡೆದುಕೊಳ್ಳಿ. ಆಸ್ಪತ್ರೆಯ ದಾಖಲೆಗಳ ವಿಷಯದಲ್ಲಂತೂ 2002ರ ವೈದ್ಯಕೀಯ ಮಂಡಳಿ ನಿಯಮಾವಳಿ ಸ್ಪಷ್ಟವಾಗಿದೆ: ರೋಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟುಕೊಳ್ಳಬೇಕೆಂದೂ ಅದೇ ನಿಯಮ ಹೇಳುತ್ತದೆ. ಅಂದರೆ ಮೂರು ವರ್ಷದ ಮೇಲೆ ಕೇಳಿದರೆ ಸಿಗದೇ ಹೋಗಬಹುದು. ಡಿಸ್ಚಾರ್ಜ್ ದಿನವೇ ಎಲ್ಲದರ ಪ್ರತಿ ತೆಗೆದಿಟ್ಟುಕೊಳ್ಳುವುದು ಜಾಣತನ.

ಬ್ಲಾಕಿನ ಮೇಣ 56ರಿಂದ 60 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಆ ಮಟ್ಟ ಮುಟ್ಟುತ್ತದೆ, ಆದ್ದರಿಂದ ಅಲ್ಲಿ ಇಡಬೇಡಿ. ಹತ್ತಿ ಸುತ್ತಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಫ್ರಿಜ್ಜೂ ಬೇಡ, ಐಸೂ ಬೇಡ. ಸ್ಲೈಡನ್ನು ಪೋಸ್ಟ್ ಕವರಿನಲ್ಲಿ ಹಾಕಿ ಮಡಚಿದರೆ ದಾದರ್ ತಲುಪುವಷ್ಟರಲ್ಲಿ ಗಾಜಿನ ಚೂರು ಮಾತ್ರ ಉಳಿಯುತ್ತದೆ. ಡಬ್ಬಿಯ ಮೇಲಿನ ಬ್ಲಾಕ್ ನಂಬರ್, ವರದಿಯಲ್ಲಿರುವ ನಂಬರ್ ಒಂದೇ ಇದೆಯಾ ಅಂತ ಲ್ಯಾಬಿನ ಕೌಂಟರಿನಲ್ಲೇ ನೋಡಿ. ನಂಬರ್ ತಾಳೆಯಾಗದೆ ಕೆಲಸ ನಿಂತುಹೋಗುವುದು ಅಪರೂಪವಲ್ಲ, ಆಮೇಲೆ ಒಬ್ಬರು ಮತ್ತೆ ಊರಿಗೆ ಹೋಗಿ ಬರಬೇಕಾಗುತ್ತದೆ.

ಎರಡನೇ ಕಣ್ಣು ಎಷ್ಟೇ ಚುರುಕಾಗಿದ್ದರೂ ಮೊದಲ ಕೈ ಕೆಡಿಸಿದ್ದನ್ನು ಪೂರ್ತಿ ಸರಿಮಾಡಲಾಗದು. ಅದಕ್ಕೇ ಊರಿನಲ್ಲಿ ಬಯಾಪ್ಸಿ ಮಾಡಿಸುವ ಮುಂಚೆ ಕೆಲವು ವಿಷಯ ತಿಳಿದಿರಬೇಕು. ಸ್ತನದ ತುಂಡು ಫಾರ್ಮಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಬೇಕು. ಶುಕ್ರವಾರ ಸಂಜೆ ತೆಗೆದು ನೀರಿನಲ್ಲೋ ಸಲೈನಿನಲ್ಲೋ ಹಾಕಿಟ್ಟು ಸೋಮವಾರ ಲ್ಯಾಬಿಗೆ ಕಳಿಸಿದರೆ ಇಆರ್, ಪಿಆರ್ (ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂದು ಹೇಳುವವು), ಹರ್-2 (ಗಡ್ಡೆಯನ್ನು ಬೆಳೆಸುವ ಒಂದು ಪ್ರೋಟೀನ್) ಫಲಿತಾಂಶ ನಂಬುವಂತಿರುವುದಿಲ್ಲ. ಹಾರ್ಮೋನ್ ಮಾತ್ರೆಯಿಂದ ಪ್ರಯೋಜನ ಪಡೆಯಬಹುದಾಗಿದ್ದ ಹೆಂಗಸಿಗೆ ಆ ಮಾತ್ರೆಯೇ ಸಿಗದೆ ಹೋಗಬಹುದು. ಹರ್-2ರಲ್ಲಿ ‘2+’ ಬಂದರೆ ಅದು ಉತ್ತರವಲ್ಲ, ಪ್ರಶ್ನೆ. ಆ ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆದ ಮೇಲೆಯೇ ಹೌದು ಅಥವಾ ಇಲ್ಲ ಎನ್ನಬೇಕು. ಬಾಯಿಯ ಹುಣ್ಣಿನಲ್ಲಿ ನಡುವಿನ ಕೊಳೆತ ಭಾಗದಿಂದ ತೆಗೆದರೆ ಸತ್ತ ಜೀವಕೋಶ ಮಾತ್ರ ಬರುತ್ತದೆ, ಹುಣ್ಣಿನ ಅಂಚಿನಿಂದ ತೆಗೆಯಬೇಕು. ಕತ್ತಿನಲ್ಲೋ ಕಂಕುಳಲ್ಲೋ ಗಡ್ಡೆ ಇದ್ದು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಶಂಕೆಯಿದ್ದರೆ ಬರೀ ಸೂಜಿ ಪರೀಕ್ಷೆ ಸಾಲದು, ಸಾಧ್ಯವಾದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ನೋಡಬೇಕು. ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಚುಚ್ಚಲೇಬಾರದು. ಕೈಕಾಲಿನ ಸಾರ್ಕೋಮಾದಲ್ಲಿ (ಮೂಳೆ, ಸ್ನಾಯು, ಕೊಬ್ಬಿನಂಥ ಭಾಗಗಳ ಕ್ಯಾನ್ಸರ್) ಬಯಾಪ್ಸಿಯ ಸೂಜಿ ಹೋದ ದಾರಿಯನ್ನೂ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆಯುವುದು ರೂಢಿ. ಹಾಗಾಗಿ ಎಲ್ಲಿ ಚುಚ್ಚಬೇಕೆಂದು ಮುಂದೆ ಆಪರೇಷನ್ ಮಾಡುವ ತಂಡವೇ ನಿರ್ಧರಿಸಬೇಕು. ‘ಕೊಬ್ಬಿನ ಗಂಟು’ ಎಂದು ಸ್ಕ್ಯಾನ್ ಇಲ್ಲದೆ ತೆಗೆದುಹಾಕಿ, ಆಮೇಲೆ ವರದಿಯಲ್ಲಿ ಸಾರ್ಕೋಮಾ ಬಂದು, ಕಾಲು ಉಳಿಸುವುದೇ ಕಷ್ಟವಾಗುವ ಪ್ರಸಂಗಗಳು ನಡೆಯುತ್ತಲೇ ಇವೆ. ದೊಡ್ಡದಾಗುತ್ತಿರುವ, ಆಳದಲ್ಲಿರುವ, 5 ಸೆಂ.ಮೀ. ಮೀರಿದ ಗಂಟಿಗೆ ಮೊದಲು ಎಂಆರ್‌ಐ, ಆಮೇಲೆ ಸೂಜಿ, ಕೊನೆಗೆ ಕತ್ತಿ.

ಎರಡನೆಯ ಬಲ, ಅಂಗಕ್ಕೊಂದು ತಂಡ. ಸ್ತನ, ತಲೆ-ಕತ್ತು, ಜಠರ-ಕರುಳು, ಸ್ತ್ರೀರೋಗ, ಮೂತ್ರಾಂಗ, ಎದೆ, ಮೂಳೆ ಹೀಗೆ ಪ್ರತಿಯೊಂದಕ್ಕೂ ಸರ್ಜನ್, ಕೀಮೋ ವೈದ್ಯರು, ರೇಡಿಯೇಷನ್ ವೈದ್ಯರು, ಪೆಥಾಲಜಿಸ್ಟ್, ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ನಿರ್ಧರಿಸುವ ಗುಂಪುಗಳಿವೆ. ಕ್ಲಿಷ್ಟ ಕೇಸುಗಳು ಜಾಯಿಂಟ್ ಕ್ಲಿನಿಕ್‌ಗೆ ಹೋಗುತ್ತವೆ. ಸರ್ಜನ್ ಬಳಿ ಮೊದಲು ಹೋದವರಿಗೆ ಮೊದಲು ಆಪರೇಷನ್, ಕೀಮೋ ವೈದ್ಯರ ಬಳಿ ಮೊದಲು ಹೋದವರಿಗೆ ಮೊದಲು ಕೀಮೋ ಆಗುವ ಅಪಾಯ ಇದರಿಂದ ತಪ್ಪುತ್ತದೆ. ಇಲ್ಲಿಯ ತಲೆ-ಕತ್ತಿನ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಉತ್ತರ ಕರ್ನಾಟಕದ ಗುಟ್ಕಾ-ತಂಬಾಕಿನ ರೋಗಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕತ್ತಿನಲ್ಲಿ ಗಂಟು ಕೈಗೆ ಸಿಗದಿದ್ದರೂ, ಮೊದಲ ಆಪರೇಷನ್ನಿನಲ್ಲೇ ಕತ್ತಿನ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷದ ಹೊತ್ತಿಗೆ 80% ಜನ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ 67.5%. ‘ಕತ್ತಿನಲ್ಲಿ ಏನೂ ಇಲ್ಲವಲ್ಲ, ಯಾಕೆ ಕೊಯ್ಯಬೇಕು’ ಎಂದು ಕೇಳುವ ಮನೆಯವರಿಗೆ ಇದಕ್ಕಿಂತ ನೇರ ಉತ್ತರ ಇನ್ನೊಂದಿಲ್ಲ.

ಖುದ್ದಾಗಿ ಬರಲಾಗದವರಿಗೆ, ಅಥವಾ ಹುಬ್ಬಳ್ಳಿ, ಬೆಂಗಳೂರಿನಲ್ಲೇ ಚಿಕಿತ್ಸೆ ಪಡೆಯುತ್ತಾ ಎರಡನೇ ಅಭಿಪ್ರಾಯ ಬೇಕಾದವರಿಗೆ ನವ್ಯ ಎಂಬ ಆನ್‌ಲೈನ್ ಸೇವೆ ಇದೆ. ಟಾಟಾ ಮೆಮೋರಿಯಲ್ (ಈ ಆಸ್ಪತ್ರೆಯ ಪೂರ್ತಿ ಹೆಸರು) ಮತ್ತು ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ಜೊತೆ ನಡೆಯುವ ಇದರಲ್ಲಿ ವರದಿಗಳನ್ನು ಅಪ್‌ಲೋಡ್ ಮಾಡಿದರೆ ತಜ್ಞರ ಲಿಖಿತ ಅಭಿಪ್ರಾಯ ಬರುತ್ತದೆ. ಒಳ್ಳೆಯ ಸೇವೆ, ಆದರೆ ಕಾಗದದ ಮೇಲಿನ ಅಭಿಪ್ರಾಯ ಕಾಗದದಷ್ಟೇ ಗಟ್ಟಿ. ಅಪ್‌ಲೋಡ್ ಮಾಡಿದ ಪೆಥಾಲಜಿ ವರದಿಯೇ ತಪ್ಪಿದ್ದರೆ ಅಭಿಪ್ರಾಯವೂ ಆ ತಪ್ಪಿನ ಮೇಲೆಯೇ ನಿಲ್ಲುತ್ತದೆ. ಕೇಸ್ ವಿಚಿತ್ರವಾಗಿದ್ದರೆ ಬ್ಲಾಕನ್ನು ಯಾರದಾದರೂ ಕೈಯಲ್ಲಿ ಕಳಿಸುವುದೇ ಮೇಲು.

ಸ್ಕ್ಯಾನ್

ಫಿಲ್ಮಿನ ದೊಡ್ಡ ಕವರ್ ಹೊತ್ತು ತರುವುದಕ್ಕಿಂತ ಸಿಡಿ ಮುಖ್ಯ. ಅದರಲ್ಲಿ ಡೈಕಾಮ್ ರೂಪದ (ಸ್ಕ್ಯಾನ್ ಯಂತ್ರದ ಮೂಲ ಫೈಲ್) ಪೂರ್ತಿ ಚಿತ್ರಗಳಿರಬೇಕು. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೋ ನೋಡಿ ಯಾರೂ ಅಳತೆ ಹೇಳಲಾರರು. ಹೊರಡುವ ಮೊದಲು ಇನ್ನೊಂದು ಕಂಪ್ಯೂಟರಿನಲ್ಲಿ ಸಿಡಿ ತೆರೆಯುತ್ತದೆಯಾ ನೋಡಿಕೊಳ್ಳಿ.

ವಿಕಿರಣ ಬೆರೆಸಿದ ಸಕ್ಕರೆಯನ್ನು ಚುಚ್ಚಿ, ದೇಹದಲ್ಲಿ ಎಲ್ಲಿ ಹೆಚ್ಚು ಹೀರಲ್ಪಡುತ್ತದೆಂದು ನೋಡುವ ಸ್ಕ್ಯಾನ್ ಪೆಟ್-ಸಿಟಿ. ಅದಕ್ಕೆ ಮುಂಚೆ 6 ಗಂಟೆ ಉಪವಾಸ, ನೀರು ಮಾತ್ರ ಕುಡಿಯಬಹುದು. ಹಿಂದಿನ ದಿನ ಭಾರದ ಕೆಲಸ, ಓಟ ಬೇಡ, ಸ್ನಾಯುಗಳು ಸಕ್ಕರೆ ಹೀರಿ ಚಿತ್ರ ಕೆಡುತ್ತದೆ. ರಕ್ತದ ಸಕ್ಕರೆ 200ಕ್ಕಿಂತ ಕೆಳಗಿರಬೇಕು. ಮಧುಮೇಹದ ರೋಗಿಗಳು ಇನ್ಸುಲಿನ್, ಮೆಟ್‌ಫಾರ್ಮಿನ್ ಬಗ್ಗೆ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಕೇಳಿಕೊಳ್ಳಬೇಕು, ಬೆಳಿಗ್ಗೆ ಬಂದು ಕೇಳಿದರೆ ಆ ದಿನ ಹೋಯಿತು. ಚುಚ್ಚುವ ಆ ಸಕ್ಕರೆಯಾದ ಎಫ್‌ಡಿಜಿಯ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯುವ ಹೊತ್ತು, ಬರೀ 110 ನಿಮಿಷ. ನಿಮಗಾಗಿ ತೆಗೆದಿಟ್ಟ ಡೋಸ್ ಮಧ್ಯಾಹ್ನದವರೆಗೆ ಕಾಯುವುದಿಲ್ಲ.

ಇನ್ನು ‘ಪೆಟ್‌ನಲ್ಲಿ ಹೊಳೆಯಿತು’ ಅಂದ ಕೂಡಲೇ ರೋಗ ಮರಳಿತು ಎಂದು ಮನೆಯವರು ಕುಸಿದು ಕೂರುವುದಿದೆ. ಹೊಳೆಯುವುದು ಕ್ಯಾನ್ಸರ್ ಮಾತ್ರವಲ್ಲ. ಕ್ಷಯ, ಹಳೆಯ ಸೋಂಕು, ವಾಸಿಯಾಗುತ್ತಿರುವ ಗಾಯ, ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದಿನ ನಂತರದ ಮೂಳೆಮಜ್ಜೆ, ಎಲ್ಲವೂ ಹೊಳೆಯುತ್ತವೆ. ನಮ್ಮ ದೇಶದಲ್ಲಿ ಎದೆಯ ನಡುವಿನ ಗ್ರಂಥಿ ಹೊಳೆದರೆ ಕ್ಷಯವನ್ನು ಮೊದಲೇ ನೆನೆಯಬೇಕು. ಹೊಸ ಜಾಗದಲ್ಲಿ ಹೊಳಪು ಕಂಡರೆ ಸಾಧ್ಯವಿದ್ದಲ್ಲೆಲ್ಲ ತುಂಡು ತೆಗೆದು ಖಚಿತಪಡಿಸಿಕೊಂಡೇ ಚಿಕಿತ್ಸೆ ಬದಲಾಯಿಸುವುದು ಸರಿಯಾದ ದಾರಿ. ತಲೆ-ಕತ್ತಿಗೆ ಕೀಮೋ-ರೇಡಿಯೇಷನ್ ಮುಗಿದ ಮೇಲೆ ಫಲಿತಾಂಶ ನೋಡುವ ಪೆಟ್ ಅನ್ನು ಸುಮಾರು 12 ವಾರಕ್ಕೆ ಮಾಡುತ್ತಾರೆ. ಆತುರಕ್ಕೆ ಆರನೇ ವಾರ ಹೊರಗೆ ಮಾಡಿಸಿದರೆ ರೇಡಿಯೇಷನ್ನಿನ ಉರಿಯೂತವೇ ರೋಗದಂತೆ ಕಂಡು ಬೇಡದ ಬಯಾಪ್ಸಿಗೆ ದಾರಿಯಾಗುತ್ತದೆ. ಕಾಯುವುದು ಕಷ್ಟ, ನಿಜ. ಆದರೂ ಕಾಯಬೇಕು.

ಚಿಕಿತ್ಸೆ ಮುಗಿದ ಮೇಲೆ

ಫಾಲೋ-ಅಪ್ ಒಪಿಡಿಯಿಂದ ಹೊರಬರುವ ಎಷ್ಟೋ ಜನರ ದೂರು ಒಂದೇ: ‘ಬೆಳಿಗ್ಗೆಯಿಂದ ಕೂತಿದ್ದು, ಡಾಕ್ಟರ್ ಐದು ನಿಮಿಷ ಮುಟ್ಟಿ ನೋಡಿ ಆರು ತಿಂಗಳು ಬಿಟ್ಟು ಬನ್ನಿ ಅಂದರು, ಸ್ಕ್ಯಾನ್ ಕೂಡ ಬರೆಯಲಿಲ್ಲ.’ ಕಾಯುವ ವಿಷಯದಲ್ಲಿ ದೂರು ನ್ಯಾಯವಾದದ್ದೇ. ದೇಶದ ಮೂಲೆಮೂಲೆಯಿಂದ ವರ್ಷಕ್ಕೆ ಹತ್ತಾರು ಸಾವಿರ ಹೊಸ ರೋಗಿಗಳು ಬರುವ ಜಾಗದಲ್ಲಿ ಹಳೆಯ ರೋಗಿಗೆ ಸಿಗುವ ಸಮಯ ಕಡಿಮೆ, ಮಾತು ಇನ್ನೂ ಕಡಿಮೆ. ಸೇವೆಯಲ್ಲಿ ನಾವು ಅಂಕ ಕಳೆಯುವುದು ಇಲ್ಲೇ. ಆದರೆ ಸ್ಕ್ಯಾನ್ ಬರೆಯದೆ ಕಳಿಸಿದ್ದು ಅಲಕ್ಷ್ಯವಲ್ಲ, ಬಹುಪಾಲು ಸಂದರ್ಭಗಳಲ್ಲಿ ಅದೇ ಸರಿಯಾದ ವೈದ್ಯಕೀಯ.

ಸ್ತನ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ವೈದ್ಯರು ವಿಚಾರಿಸಿ, ಮುಟ್ಟಿ ನೋಡಬೇಕು. ವರ್ಷಕ್ಕೊಂದು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಸ್ತನ ಉಳಿಸಿ ರೇಡಿಯೇಷನ್ ಕೊಟ್ಟಿದ್ದರೆ ಮೊದಲನೆಯದು ರೇಡಿಯೇಷನ್ ಮುಗಿದು ಆರು ತಿಂಗಳಾದರೂ ಆದ ಮೇಲೆ. ಅಷ್ಟೇ. ತೊಂದರೆಯಿಲ್ಲದ ಹೆಂಗಸಿಗೆ ಎದೆಯ ಎಕ್ಸ್‌ರೇ, ಲಿವರ್ ಸ್ಕ್ಯಾನ್, ಬೋನ್ ಸ್ಕ್ಯಾನ್ ಪದೇಪದೇ ಮಾಡಿಸಿದರೆ ಆಯುಷ್ಯ ಹೆಚ್ಚುವುದಿಲ್ಲ ಎಂದು ಇಟಲಿಯ ಎರಡು ದೊಡ್ಡ ಅಧ್ಯಯನಗಳು 1994ರಲ್ಲೇ ತೋರಿಸಿವೆ. ಕೈಯಿಂದ ಮುಟ್ಟಿ ನೋಡುವುದಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಮುಂಬೈಯದೇ ಸಾಕ್ಷಿ ಇದೆ. ಇಲ್ಲಿಯ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಲ್ಲಿ ಟಾಟಾ ತಂಡ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು 30% ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಅದು ತಪಾಸಣೆಯ ಅಧ್ಯಯನ, ಫಾಲೋ-ಅಪ್‌ನದ್ದಲ್ಲ. ಆದರೂ ‘ಬರೀ ಮುಟ್ಟಿ ನೋಡಿದರು’ ಎಂದು ಹಗುರಾಗಿ ಮಾತಾಡುವ ಮೊದಲು ಅದನ್ನು ನೆನಪಿಡಬೇಕು.

ಕರುಳಿನ ಕ್ಯಾನ್ಸರಿನ ಕತೆ ಬೇರೆ. ಅಲ್ಲಿ ಪರೀಕ್ಷೆ ಬೇಕೇ ಬೇಕು, ಯಾಕೆಂದರೆ ಲಿವರಿಗೋ ಶ್ವಾಸಕೋಶಕ್ಕೋ ಮರಳಿದ ಸಣ್ಣ ಗಡ್ಡೆಯನ್ನು ಬೇಗ ಕಂಡುಹಿಡಿದರೆ ಆಪರೇಷನ್ನಿನಿಂದ ಗುಣಪಡಿಸುವ ಅವಕಾಶವಿದೆ. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಇಎ ಎಂಬ ರಕ್ತ ಪರೀಕ್ಷೆ, ಆಮೇಲೆ ಐದನೇ ವರ್ಷದವರೆಗೆ 6 ತಿಂಗಳಿಗೊಮ್ಮೆ. ಹಂತ ನೋಡಿಕೊಂಡು 6ರಿಂದ 12 ತಿಂಗಳಿಗೊಂದು ಸಿಟಿ. ಆಪರೇಷನ್ ಆದ ಒಂದು ವರ್ಷಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವುದು). ಗಡ್ಡೆ ದಾರಿ ಮುಚ್ಚಿದ್ದರಿಂದ ಮೊದಲು ಪೂರ್ತಿ ಕರುಳು ನೋಡಲಾಗದಿದ್ದರೆ ವರ್ಷ ಕಾಯಬಾರದು, 3ರಿಂದ 6 ತಿಂಗಳೊಳಗೆ ನೋಡಬೇಕು. ಈ ಕೊನೆಯ ಮಾತು ಡಿಸ್ಚಾರ್ಜ್ ಕಾಗದದಲ್ಲಿ ಇಲ್ಲದಿದ್ದರೆ ನೀವಾಗಿ ಕೇಳಿ.

ತಲೆ-ಕತ್ತಿನ ಕ್ಯಾನ್ಸರ್ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ ಬಾಯಿ, ಗಂಟಲು, ಕತ್ತು ನೋಡಿಸಬೇಕು. ಈ ರೋಗಿಗಳು ಮಾತ್ರ ಮೊದಲೆರಡು ವರ್ಷ ಅದೇ ತಂಡದ ಕಣ್ಣಿಗೆ ಬೀಳುವುದು ಒಳ್ಳೆಯದು. ಆಪರೇಷನ್, ರೇಡಿಯೇಷನ್ ಆದ ಬಾಯಿಯಲ್ಲಿ ಯಾವುದು ಗಾಯದ ಗಟ್ಟಿ, ಯಾವುದು ಹೊಸ ರೋಗ ಎಂದು ಅನುಭವವಿಲ್ಲದ ಬೆರಳಿಗೆ ತಿಳಿಯುವುದಿಲ್ಲ. ತಂಬಾಕು ಬಿಡದಿದ್ದರೆ ಅದೇ ಬಾಯಿಯ ಇನ್ನೊಂದು ಮೂಲೆಯಲ್ಲಿ ಬೇರೆಯದೇ ಕ್ಯಾನ್ಸರ್ ಹುಟ್ಟಬಹುದು, ಫಾಲೋ-ಅಪ್ ಎಷ್ಟೇ ಶಿಸ್ತಾಗಿದ್ದರೂ.

ಮಾರ್ಕರ್, ಅಂದರೆ ಕ್ಯಾನ್ಸರಿದ್ದಾಗ ರಕ್ತದಲ್ಲಿ ಏರಬಹುದಾದ ಅಂಶಗಳು. ಅವುಗಳ ಪ್ಯಾಕೇಜ್‌ಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ‘ಕ್ಯಾನ್ಸರ್ ಪ್ರೊಫೈಲ್’ ಹೆಸರಿನಲ್ಲಿ ಸಿಇಎ, ಸಿಎ-125, ಸಿಎ 19-9, ಸಿಎ 15-3 ಎಲ್ಲ ಸೇರಿಸಿ ಮಾರುವ ಲ್ಯಾಬುಗಳಿಗೆ ದುಡ್ಡು ಸುರಿಯಬೇಡಿ. ಸಿಗರೇಟು ಸೇದುವವರಲ್ಲಿ ಸಿಇಎ ಏರಿರುತ್ತದೆ. ಕಾಮಾಲೆಯಿದ್ದರೆ ಸಿಎ 19-9 ಏರುತ್ತದೆ, ಕೆಲವರ ದೇಹವಂತೂ ಹುಟ್ಟಿನಿಂದಲೇ ಅದನ್ನು ತಯಾರಿಸುವುದಿಲ್ಲ. ಮುಟ್ಟು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ತೊಂದರೆ), ಹೊಟ್ಟೆಯ ಕ್ಷಯ, ಇವೆಲ್ಲ ಸಿಎ-125 ಏರಿಸುತ್ತವೆ. ಅಂಡಾಶಯದ ಕ್ಯಾನ್ಸರಿನಲ್ಲೂ, ತೊಂದರೆಯಿಲ್ಲದಾಗ ಬರೀ ಸಿಎ-125 ಏರಿತೆಂದು ಬೇಗ ಕೀಮೋ ಶುರುಮಾಡಿದವರು ಹೆಚ್ಚು ದಿನ ಬದುಕಲಿಲ್ಲ ಎಂದು 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ತೋರಿಸಿತು. ನಿಮ್ಮ ರೋಗಕ್ಕೆ ಯಾವ ಮಾರ್ಕರ್ ಅಂತ ವೈದ್ಯರು ಬರೆದಿದ್ದಾರೋ ಅದನ್ನು ಮಾತ್ರ, ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬು ಬದಲಾದರೆ ಯಂತ್ರದ ವ್ಯತ್ಯಾಸವೇ ಏರಿಕೆಯಂತೆ ಕಾಣುತ್ತದೆ. ಒಂದು ಸಲ ಏರಿದರೆ ಮತ್ತೊಮ್ಮೆ ಮಾಡಿಸಿ ಖಚಿತವಾದ ಮೇಲೆ ಸ್ಕ್ಯಾನ್. ಪ್ರಾಸ್ಟೇಟ್ ಕ್ಯಾನ್ಸರಿನ ಮಾರ್ಕರ್ ಆದ ಪಿಎಸ್‌ಎ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ರೇಡಿಯೇಷನ್ ಪಡೆದವರಲ್ಲಿ ಅದು ನಿಧಾನವಾಗಿ ಇಳಿಯುತ್ತದೆ, ನಡುವೆ ಸ್ವಲ್ಪ ಏರಿಳಿಯುತ್ತದೆ. ಅತಿ ಕೆಳಗಿನ ಮಟ್ಟಕ್ಕಿಂತ 2 ಏರಿದಾಗ ಮಾತ್ರ ಮರಳಿತೆಂದು ಲೆಕ್ಕ.

ಮರಳಿ ಬರುವ ರೋಗಕ್ಕೆ ಹೆದರುವಷ್ಟು ಚಿಕಿತ್ಸೆ ಬಿಟ್ಟುಹೋದ ತೊಂದರೆಗಳನ್ನು ಯಾರೂ ಗಮನಿಸುವುದಿಲ್ಲ. ಅವಸರದ ಒಪಿಡಿಯಲ್ಲಿ ಮೊದಲು ಜಾರಿಹೋಗುವುದು ಇವೇ, ಹಾಗಾಗಿ ನೀವೇ ನೆನಪಿಸಬೇಕು. ಕತ್ತಿಗೆ ರೇಡಿಯೇಷನ್ ಆಗಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್‌ನ ರಕ್ತ ಪರೀಕ್ಷೆ ಟಿಎಸ್‌ಎಚ್. ಸುಸ್ತು, ದಪ್ಪವಾಗುವುದು, ಮಂಕುತನವನ್ನು ‘ಕ್ಯಾನ್ಸರಿನ ದಣಿವು’ ಎಂದು ವರ್ಷಗಟ್ಟಲೆ ಹೊತ್ತವರಿಗೆ ಬೇಕಾಗಿದ್ದು ಥೈರಾಯ್ಡ್ ಮಾತ್ರೆ ಮಾತ್ರ ಇರಬಹುದು. ರೇಡಿಯೇಷನ್ ಆದ ದವಡೆಯ ಹಲ್ಲನ್ನು ಊರಿನ ದಂತವೈದ್ಯರ ಬಳಿ ಸುಮ್ಮನೆ ಕೀಳಿಸಬೇಡಿ. ಆ ಮೂಳೆಯ ರಕ್ತಸಂಚಾರ ಕಡಿಮೆಯಾಗಿರುತ್ತದೆ, ಗಾಯ ಮಾಯದೆ ಮೂಳೆಯೇ ಸಾಯಬಹುದು. ರೇಡಿಯೇಷನ್ ವೈದ್ಯರ ಚೀಟಿ ಇಲ್ಲದೆ ಇಕ್ಕಳ ಮುಟ್ಟಿಸಬಾರದು. ಬಾಯಿ ತೆರೆಯುವ ವ್ಯಾಯಾಮವನ್ನು ಬಿಡಬೇಡಿ. ಮೂರು ಬೆರಳು ಉದ್ದುದ್ದವಾಗಿ ಹಿಡಿಯುವಷ್ಟು ತೆರೆಯುತ್ತಿದ್ದದ್ದು ಎರಡಕ್ಕೆ ಇಳಿದರೆ ಮುಂದಿನ ತಾರೀಕಿಗೆ ಕಾಯದೆ ತೋರಿಸಿ. ಗರ್ಭಕಂಠಕ್ಕೆ ರೇಡಿಯೇಷನ್ ಆದವರಿಗೆ ಒಂದೆರಡು ವರ್ಷದೊಳಗೆ ಮಲದಲ್ಲಿ ರಕ್ತ ಕಾಣಬಹುದು. ಅದನ್ನು ನೋಡಿದ ಹೊರಗಿನ ವೈದ್ಯರು ಗುದನಾಳದ ಮುಂಭಾಗದಿಂದ ಬಯಾಪ್ಸಿ ತೆಗೆದು, ಅಲ್ಲಿ ತೂತಾಗಿ ಮಲ ಯೋನಿಯಲ್ಲಿ ಬರುವ ಸ್ಥಿತಿ ತಲುಪಬಹುದು. ರೇಡಿಯೇಷನ್ ಆಗಿದೆ ಎಂದು ಕೊಲೊನೋಸ್ಕೋಪಿ ಮಾಡುವವರಿಗೆ ಮೊದಲೇ ಹೇಳುವುದು ನಿಮ್ಮ ಕೈಯಲ್ಲಿದೆ. ಯೋನಿ ಬಿಗಿಯಾಗದಂತೆ ಡೈಲೇಟರ್ ಬಳಸಲು ಹೇಳಿದ್ದರೆ ಸಂಕೋಚಪಟ್ಟು ಬಿಡಬೇಡಿ; ಮುಂದೆ ವೈದ್ಯರು ಒಳಗೆ ಪರೀಕ್ಷಿಸಲು ಕೂಡ ಅದು ಬೇಕು. ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರ ಬಳಿ. ಇನ್ನೊಂದು ಹಾರ್ಮೋನ್ ಮಾತ್ರೆಯಾದ ಲೆಟ್ರೊಜೋಲ್‌ನವರಿಗೆ ಎಲುಬಿನ ಸಾಂದ್ರತೆಯ ಡೆಕ್ಸಾ. ಹರ್-2 ಇರುವವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ನಡೆಯುವಾಗ ಮೂರು ತಿಂಗಳಿಗೊಮ್ಮೆ ಹೃದಯದ ಸ್ಕ್ಯಾನ್ ಆದ ಎಕೋ.

ಇವುಗಳಲ್ಲಿ ಟಿಎಸ್‌ಎಚ್, ಸಿಇಎ, ಎಕೋ, ಮ್ಯಾಮೊಗ್ರಾಂ, ಡೆಕ್ಸಾ ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಲ್ಲೇ ಆಗುತ್ತವೆ. ಅದಕ್ಕಾಗಿ ಪರೇಲ್‌ವರೆಗೆ ಬರುವುದು ದಂಡ. ಆದರೆ ಊರಿನ ವೈದ್ಯರು ಜವಾಬ್ದಾರಿ ಹೊರಬೇಕಾದರೆ ಅವರ ಕೈಯಲ್ಲಿ ಒಂದು ಹಾಳೆ ಇರಬೇಕು. ರೋಗದ ಪೂರ್ತಿ ಹೆಸರು ಮತ್ತು ಹಂತ, ಆಪರೇಷನ್ನಿನ ದಿನಾಂಕ ಮತ್ತು ವಿವರ, ಕೀಮೋ ಔಷಧಿಗಳ ಹೆಸರು ಮತ್ತು ಒಟ್ಟು ಡೋಸ್, ರೇಡಿಯೇಷನ್ ಯಾವ ಭಾಗಕ್ಕೆ ಎಷ್ಟು ಗ್ರೇ (ರೇಡಿಯೇಷನ್ ಅಳತೆ) ಎಷ್ಟು ದಿನದಲ್ಲಿ, ಮುಂದಿನ ಐದು ವರ್ಷ ಯಾವ ಪರೀಕ್ಷೆ ಯಾವಾಗ, ಏನು ಕಂಡರೆ ಕೂಡಲೇ ಕಳಿಸಬೇಕು. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ ಕೊಟ್ಟಿದ್ದರೆ ಅದರ ಒಟ್ಟು ಡೋಸ್ ಬರೆದಿರಲೇಬೇಕು. ಜೀವಮಾನದಲ್ಲಿ ಚದರ ಮೀಟರಿಗೆ 450–550 ಮಿ.ಗ್ರಾಂ ಮೀರಿದರೆ ಹೃದಯಕ್ಕೆ ಅಪಾಯ ಜೋರಾಗಿ ಏರುತ್ತದೆ, ಹಿಂದಿನ ಲೆಕ್ಕ ಗೊತ್ತಿಲ್ಲದೆ ಇನ್ನೊಮ್ಮೆ ಕೊಡಲಾಗದು. ‘6 ಸೈಕಲ್ ಕೀಮೋ ಆಗಿದೆ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಈ ಹಾಳೆ ತಾನಾಗಿ ಸಿಗುವುದು ಕಡಿಮೆ. ಕೊನೆಯ ಡೋಸಿನ ದಿನ, ಗಡಿಬಿಡಿಯಲ್ಲಿ ಊರಿಗೆ ಹೊರಡುವ ಮುಂಚೆ, ಕೇಳಿ ಬರೆಸಿಕೊಳ್ಳಬೇಕು. ಫೈಲ್ ನಂಬರಿನಿಂದ ಆನ್‌ಲೈನಿನಲ್ಲಿ ವರದಿ ನೋಡುವ ವ್ಯವಸ್ಥೆ ಇರುವುದರಿಂದ ಉಳಿದದ್ದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು.

ಬರಲೇಬೇಕಾದ ಸಲಕ್ಕೆ ಕೆಲವು ಮಾತು. ಅಪಾಯಿಂಟ್‌ಮೆಂಟ್ ಚೀಟಿಯಲ್ಲಿ ಕಟ್ಟಡದ ಹೆಸರು ಓದಿ. ಪರೇಲ್‌ನಲ್ಲೇ ಗೋಲ್ಡನ್ ಜುಬಿಲಿ, ಹೋಮಿ ಭಾಭಾ ಬ್ಲಾಕ್ ಎಂದು ಬೇರೆಬೇರೆ ಇವೆ, ಕೆಲವು ವಿಭಾಗಗಳ ತಾರೀಕು ನವಿ ಮುಂಬೈಯ ಖಾರ್ಘರ್‌ನಲ್ಲಿರುವ ಇದೇ ಸಂಸ್ಥೆಯ ಕೇಂದ್ರವಾದ ಆಕ್ಟ್ರೆಕ್‌ಗೆ ಬಿದ್ದಿರುತ್ತದೆ. ತಪ್ಪಿ ಪರೇಲ್‌ಗೆ ಬಂದರೆ ಆ ದಿನ ಮುಗಿಯಿತು. ಮೈಸೂರು, ಹುಬ್ಬಳ್ಳಿ ಕಡೆಯವರಿಗೆ ದಾದರ್‌ನಲ್ಲಿ ಇಳಿಯುವ ರೈಲುಗಳು ಅನುಕೂಲ. ಕರಾವಳಿಯವರ ಮತ್ಸ್ಯಗಂಧ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ, ಅಲ್ಲಿಂದ ಟ್ಯಾಕ್ಸಿಗೆ ಸಮಯ ಇಟ್ಟುಕೊಳ್ಳಿ. ಜುಲೈಯಲ್ಲಿ ದೊಡ್ಡ ಮಳೆ ಬಂದರೆ ಆಸ್ಪತ್ರೆಯ ಹತ್ತಿರದ ಹಿಂದ್‌ಮಾತಾ ಸುತ್ತ ನೀರು ನಿಲ್ಲುತ್ತದೆ, ಆದ್ದರಿಂದ ಬೆಳಗಿನ ಅಪಾಯಿಂಟ್‌ಮೆಂಟಿಗೆ ಹಿಂದಿನ ದಿನವೇ ತಲುಪಿರುವುದು ಕ್ಷೇಮ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೂ ತಪಾಸಣೆಗೂ ರೈಲಿನಲ್ಲಿ ರಿಯಾಯಿತಿ ಇದೆ: ಸ್ಲೀಪರ್ ಮತ್ತು ಎಸಿ ತ್ರೀ ಟಯರ್‌ನಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ 75%. ಆಸ್ಪತ್ರೆಯ ಸಹಿ ಇರುವ ನಿಗದಿತ ನಮೂನೆ ಬೇಕು; ಫಾಲೋ-ಅಪ್ ಮುಗಿದ ಕೂಡಲೇ ಪಡೆದುಕೊಂಡರೆ ಮರುಪ್ರಯಾಣಕ್ಕೂ ಆಗುತ್ತದೆ. ತಂಗಲು ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆ, ಪರೇಲ್‌ನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಕಡಿಮೆ ಖರ್ಚಿನ ಜಾಗಗಳು. ಇವುಗಳಿಗೆ ಸಾಮಾನ್ಯವಾಗಿ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಪತ್ರ ಬೇಕು, ಹಣದ ನೆರವು ಕೇಳಬೇಕಾದದ್ದೂ ಅಲ್ಲೇ. ಹಿಂದಿ, ಮರಾಠಿ ಬಾರದ ಹಿರಿಯರ ಜೊತೆ ಭಾಷೆ ಬಲ್ಲ ಒಬ್ಬರು ಕೋಣೆಯ ಒಳಗೂ ಇರಲಿ. ನೋವು ಎಲ್ಲಿ, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು ಎಂಬ ಮೂರು ಸಾಲು ಮೊದಲೇ ಬರೆದುಕೊಂಡಿದ್ದರೆ ಸಿಗುವ ಐದು ನಿಮಿಷಕ್ಕೆ ಬೆಲೆ ಬರುತ್ತದೆ.

ಮಕ್ಕಳ ವಿಭಾಗಕ್ಕೆ ಮಾತ್ರ ನಾವು ಹೇಳಿದ ಲೆಕ್ಕ ಬೇರೆ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗಾಗಿ ಇಲ್ಲಿ 1991ರಿಂದ ಆಕ್ಟ್ ಕ್ಲಿನಿಕ್ ನಡೆಯುತ್ತಿದೆ, ಚಿಕಿತ್ಸೆ ಮುಗಿಸಿದ ಮಕ್ಕಳ ದೀರ್ಘಕಾಲದ ಪರಿಣಾಮ ನೋಡುವುದೇ ಅದರ ಕೆಲಸ. ಬೆಳವಣಿಗೆ, ಹೃದಯ, ಥೈರಾಯ್ಡ್, ಸಂತಾನಶಕ್ತಿ, ಕಲಿಕೆ, ಎರಡನೇ ಕ್ಯಾನ್ಸರಿನ ಸಾಧ್ಯತೆ ಎಲ್ಲವನ್ನೂ ಒಂದೇ ಕಡೆ ಗಮನಿಸುತ್ತಾರೆ. ಮಗು ದೊಡ್ಡದಾಗಿ, ಆರೋಗ್ಯವಾಗಿ, ಕಾಲೇಜಿಗೆ ಹೋಗುತ್ತಿದೆ ಎಂದು ಫಾಲೋ-ಅಪ್ ನಿಲ್ಲಿಸುವ ತಂದೆತಾಯಿಯರಿಗೆ ನಮ್ಮ ಸಲಹೆ ಒಂದೇ: ಇದನ್ನು ಊರಿಗೆ ವರ್ಗಾಯಿಸಬೇಡಿ, ನಿಲ್ಲಿಸಲೂ ಬೇಡಿ. ಡಾಕ್ಸೊರುಬಿಸಿನ್‌ನಿಂದ ಹೃದಯಕ್ಕಾದ ಪೆಟ್ಟು ಇಪ್ಪತ್ತು ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳಬಹುದು, ಹೆಣ್ಣುಮಕ್ಕಳಲ್ಲಿ ಗರ್ಭಿಣಿಯಾದಾಗ ವಿಶೇಷವಾಗಿ. ಮದುವೆಯ ಮುಂಚೆಯೋ ಬಸಿರಿನ ಮುಂಚೆಯೋ ಒಂದು ಎಕೋ ಮಾಡಿಸಿ, ಹಳೆಯ ಚಿಕಿತ್ಸೆಯ ಹಾಳೆಯನ್ನು ಹೆರಿಗೆ ವೈದ್ಯರ ಕೈಗೆ ಕೊಡಿ.